ಟೀಚ್ ಎಂದರೆ ತೋರಿಸು

ನಮ್ಮ ಮನೆಯಲ್ಲಿ ಒಂದು ದಪ್ಪನೆಯ ಇಂಗ್ಲಿಷ್ ನಿಘಂಟಿದೆ. ಪದದ ಅರ್ಥವನ್ನು ಮಾತ್ರವಲ್ಲ, ಅದರ ತಾತ ಮುತ್ತಾತಂದಿರ ವಂಶಾವಳಿಯನ್ನೂ ಹೇಳುವಂಥದ್ದು. ಕಾಲೇಜಿನಲ್ಲಿದ್ದಾಗ ದರಿಯಾಗಂಜಿನ ಭಾನುವಾರದ ಹಳೇ ಪುಸ್ತಕದ ಬಜಾರಿನಲ್ಲಿ, ಫುಟ್‌ಪಾತಿನ ಮೇಲೆ ಅಂಗಡಿ ಹರಡಿಕೊಂಡಿದ್ದ ಭಯ್ಯಾನ ಹತ್ತಿರ ಅರ್ಧ ಗಂಟೆ ಚೌಕಾಸಿ ಮಾಡಿ ತಂದದ್ದು. ರಟ್ಟು ಕಿತ್ತುಹೋಗಿದೆ. ‘ಎಕ್ಸ್’ ಅಕ್ಷರದ ಪುಟಗಳು ಇಲ್ಲವೇ ಇಲ್ಲ. ಅದರಿಂದ ನನಗೆ ಇದುವರೆಗೆ ಯಾವ ತೊಂದರೆಯೂ ಆಗಿಲ್ಲ ಅನ್ನಿ.

ಈಗ ಎಲ್ಲ ಪದದ ಅರ್ಥವೂ ಫೋನಿನಲ್ಲೇ ಸಿಗುವುದರಿಂದ ನಿಘಂಟು ನನ್ನ ಸೇವೆಯಿಂದ ನಿವೃತ್ತಿಯಾಗಿ ಅಮ್ಮನ ಕೈಕೆಳಗೆ ಎರಡನೆಯ ನೌಕರಿಗೆ ಸೇರಿದೆ. ನೋಯ್ಡಾದ ನಮ್ಮ ಫ್ಲ್ಯಾಟು ಇರುವುದು ಹನ್ನೊಂದನೆಯ ಮಹಡಿಯಲ್ಲಿ. ಅಪ್ಪ ಹೋದ ಮೇಲೆ ಅಮ್ಮ ಮಗಳಾದ ನನ್ನ ಜೊತೆಗೇ ಇದ್ದಾಳೆ. ಎಪ್ಪತ್ತೆಂಟು ವರ್ಷವಾದರೂ ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಬಂತೆಂದರೆ ಸಾಕು, ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಸಂಡಿಗೆ ಇಡಲು ಕೂರುತ್ತಾಳೆ. ಹಾಳೆ ಸಂಡಿಗೆಯ ಸಮೇತ ಹಾರಿ ಎದುರಿನ ಟವರಿಗೆ ಹೋಗಬಾರದೆಂದು ಮೂಲೆ ಮೂಲೆಗೂ ಭಾರ ಹೇರುತ್ತಾಳೆ. ಒಂದು ಮೂಲೆಗೆ ಕುಟ್ಟಾಣಿ, ಒಂದಕ್ಕೆ ತುಳಸಿ ಕುಂಡ, ಇನ್ನೊಂದಕ್ಕೆ ನೀರು ತುಂಬಿದ ಡಬ್ಬಿ, ನಾಲ್ಕನೆಯದಕ್ಕೆ ಇಂಗ್ಲಿಷ್ ಭಾಷೆ.

ನಾನು ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಈ ಸಲದ ಶಿಕ್ಷಕರ ದಿನಕ್ಕೆ ನಮ್ಮ ಪ್ರಿನ್ಸಿಪಾಲರು ‘ಕಲಿಸುವುದು ಎಂದರೇನು’ ಎಂಬುದರ ಬಗ್ಗೆ ಐದು ನಿಮಿಷ ಮಾತಾಡಿ ಎಂದು ನನ್ನ ತಲೆಗೆ ಕಟ್ಟಿದರು. ಐದು ನಿಮಿಷ ಅಂದರೆ ಐದೇ ನಿಮಿಷ. ಆರನೆಯ ನಿಮಿಷಕ್ಕೆ ಮಕ್ಕಳ ಡ್ಯಾನ್ಸಿನ ಹಾಡು ಶುರುವಾಗಿಬಿಡುತ್ತದೆ. ಹೇಳುವುದಕ್ಕೆ ಏನೂ ತೋಚದಿದ್ದಾಗ ಪದದ ಮೂಲದಿಂದ ಶುರುಮಾಡುವುದು ನಮ್ಮಂಥ ಮೇಷ್ಟರುಗಳ ಹಳೆಯ ಉಪಾಯ. ಎರಡು ನಿಮಿಷ ಹಾಗೇ ಕಳೆಯುತ್ತದೆ, ಜೊತೆಗೆ ಪಾಂಡಿತ್ಯದ ಹೆಸರೂ ಬರುತ್ತದೆ. ಫೋನಿನಲ್ಲಿ ನೋಡಿದರೆ ಎರಡು ಸಾಲು, ಅದರ ಕೆಳಗೆ ಪ್ರೆಶರ್ ಕುಕ್ಕರಿನ ಜಾಹೀರಾತು. ಮನಸ್ಸಿಗೆ ಸಮಾಧಾನವಾಗಲಿಲ್ಲ. ಬಾಲ್ಕನಿಗೆ ಹೋದೆ.

“ಅಮ್ಮ, ಡಿಕ್ಷನರಿ ಬೇಕಿತ್ತು.”

“ಈಗಲೇನೇ? ಸಂಡಿಗೆ ಇನ್ನೂ ಹಸಿ ಇದೆ.”

“ಹತ್ತು ನಿಮಿಷ ಅಷ್ಟೇ.”

“ಹಾಗಾದ್ರೆ ನೀನೇ ಬಂದು ಆ ಮೂಲೆ ಹಿಡ್ಕೋ.”

ಹೀಗಾಗಿ, ‘ಟೀಚ್’ ಎಂಬ ಇಂಗ್ಲಿಷ್ ಕ್ರಿಯಾಪದದ ಜನ್ಮರಹಸ್ಯವನ್ನು ನಾನು ಅರಿತದ್ದು ಒಂದು ಕಾಲಿನಿಂದ ಪ್ಲಾಸ್ಟಿಕ್ ಹಾಳೆ ಒತ್ತಿ ಹಿಡಿದುಕೊಂಡು, ಸಂಡಿಗೆ ಹಿಟ್ಟಿನ ಜೀರಿಗೆ ವಾಸನೆಯ ನಡುವೆ.

ಇಷ್ಟು ವರ್ಷ ಅದೇ ಪದದ ಅನ್ನ ತಿಂದರೂ ಅದರ ಮನೆತನ ವಿಚಾರಿಸಿರಲಿಲ್ಲ ನೋಡಿ. ‘ಎಜುಕೇಟ್’ ಗೊತ್ತಿತ್ತು. ಅದು ಲ್ಯಾಟಿನ್ನಿನಿಂದ ಬಂದದ್ದು, ಸಾಕಿ ಬೆಳೆಸು ಎಂದು ಅರ್ಥ. ಬಿ.ಎಡ್. ಮಾಡಿದ ಪ್ರತಿಯೊಬ್ಬರೂ ಇದನ್ನು ಪರೀಕ್ಷೆಯಲ್ಲಿ ಒಮ್ಮೆಯಾದರೂ ಬರೆದಿರುತ್ತಾರೆ. ‘ಇನ್‌ಸ್ಟ್ರಕ್ಟ್’ ಅಂದರೆ ಒಂದರ ಮೇಲೊಂದು ಪೇರಿಸಿ ಕಟ್ಟುವುದು, ಗಾರೆ ಕೆಲಸದವರ ಮಾತು. ‘ಟೀಚ್’ ಮಾತ್ರ ಇವೆರಡರಂತೆ ಲ್ಯಾಟಿನ್ನಿನ ಓದಿದ ಮನೆಯಿಂದ ಬಂದದ್ದಲ್ಲ, ಹಳೆಯ ಇಂಗ್ಲಿಷರ ಹಟ್ಟಿಯಲ್ಲೇ ಹುಟ್ಟಿದ್ದು. ಅದರ ಮೊದಲ ಅರ್ಥ ‘ತೋರಿಸು’. ಬೆರಳು ಮಾಡಿ ಇಗೋ ಎಂದು ತೋರಿಸುವುದು, ಅಷ್ಟೇ. ನಾವು ಮೆಟ್ರೋದಲ್ಲಿ ತೆಗೆದುಕೊಳ್ಳುತ್ತಿದ್ದ ಪ್ಲಾಸ್ಟಿಕ್ ಬಿಲ್ಲೆ ಇತ್ತಲ್ಲ, ಟೋಕನ್ನು, ಅದು ಈ ಪದದ ಒಡಹುಟ್ಟು. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಸಂಸ್ಕೃತದ ‘ದಿಶ್’ ಧಾತು, ಅದರಿಂದ ಬಂದ ದಿಕ್ಕು, ಆದೇಶ, ಉಪದೇಶ ಎಲ್ಲವೂ ಇದರ ದೂರದ ದಾಯಾದಿಗಳೇ ಎಂದು ಪಂಡಿತರು ಹೇಳುತ್ತಾರಂತೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಹಿಂದೆ ಒಂದು ಕಾಲದಲ್ಲಿ ‘ಟೀಚರ್’ ಎಂದರೆ ತೋರುಬೆರಳು ಎಂಬ ಅರ್ಥವೂ ಇತ್ತಂತೆ.

ಆ ಸಾಲನ್ನು ಎರಡು ಸಲ ಓದಿದೆ. ಆಮೇಲೆ ಯಾಕೋ ಅಮ್ಮನ ಕಡೆ ನೋಡಿದೆ. ಅವಳು ಬಗ್ಗಿಕೊಂಡು ಸಂಡಿಗೆ ಇಡುತ್ತಿದ್ದಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ. ಯಾಕೆ ಅಂತ ಹೇಳುವುದಕ್ಕೆ ನಿಮ್ಮನ್ನು ಮೂವತ್ತು ವರ್ಷ ಹಿಂದಕ್ಕೆ, ಫರೀದಾಬಾದಿಗೆ ಕರೆದುಕೊಂಡು ಹೋಗಬೇಕು.

ಅಪ್ಪನಿಗೆ ಅಲ್ಲಿ ಟ್ರ್ಯಾಕ್ಟರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಅರಸೀಕೆರೆಯಿಂದ ಮದುವೆಯಾಗಿ ಬಂದ ಅಮ್ಮನ ಜೊತೆ ಬಂದದ್ದು ಒಂದು ಹೊಲಿಗೆ ಮಷೀನು. ಬಾರದೆ ಉಳಿದದ್ದು ಹಿಂದಿ. ಎಷ್ಟೋ ವರ್ಷದವರೆಗೆ ಅವಳ ಹಿಂದಿಯಲ್ಲಿ ಇದ್ದದ್ದು ನಾಲ್ಕೇ ಮಾತು. ‘ದೇಖೋ’, ಅಂದರೆ ನೋಡು. ‘ಐಸಾ’, ಹೀಗೆ. ‘ಐಸಾ ನಹೀಂ’, ಹಾಗಲ್ಲ. ‘ಫಿರ್ ಸೇ’, ಇನ್ನೊಂದು ಸಲ. ಈ ನಾಲ್ಕು ಮಾತಿನ ಬಂಡವಾಳದಲ್ಲಿ ಅವಳು ನಮ್ಮ ಸೆಕ್ಟರಿನ ಹೆಂಗಸರಿಗೆ ಹನ್ನೊಂದು ವರ್ಷ ಬ್ಲೌಸ್ ಹೊಲಿಯುವುದನ್ನು ಕಲಿಸಿದಳು.

ಶುರುವಾದದ್ದು ಸಂತೋಷ್‌ಳಿಂದ. ಪಕ್ಕದ ಮನೆಯ ಹರಿಯಾಣದ ಸೊಸೆ. ಅಮ್ಮ ತೊಟ್ಟಿದ್ದ ರವಿಕೆಯ ಬೆನ್ನಿನ ಕಟ್ಟನ್ನು ಕಾಂಪೌಂಡಿನ ಆಚೆಯಿಂದ ನೋಡಿ, ನನಗೂ ಕಲಿಸಿ ಎಂದು ಸನ್ನೆಯಲ್ಲೇ ಕೇಳಿದವಳು. ಆ ದಿನ ಅಮ್ಮ ಅಪ್ಪನಿಗೆ, “ನಾಳೆಯಿಂದ ಮಧ್ಯಾಹ್ನ ಸಂತೋಷ್ ಅನ್ನೋರು ರವಿಕೆ ಹೊಲಿಯೋದು ಕಲಿಯೋಕೆ ಬರ್ತಾರಂತೆ” ಎಂದಾಗ ಅಪ್ಪ ಕೈಯಲ್ಲಿದ್ದ ತುತ್ತು ಕೈಯಲ್ಲೇ ಬಿಟ್ಟು, “ಯಾವ ಸಂತೋಷ? ನಾನು ಡ್ಯೂಟಿಗೆ ಹೋದ ಮೇಲಾ?” ಎಂದರು. ನಮ್ಮ ಕಡೆ ಸಂತೋಷ ಎಂದರೆ ಮೀಸೆ ಬಂದ ಗಂಡಸು. ಅಲ್ಲಿ ಓಣಿಗೆ ನಾಲ್ಕು ಜನ ಸಂತೋಷ್, ಎಲ್ಲರೂ ಸೆರಗು ಹೊದ್ದವರು.

ದಿನಾ ಮಧ್ಯಾಹ್ನ ಎರಡರಿಂದ ನಾಲ್ಕು, ಹೊರಕೋಣೆಯಲ್ಲಿ ದರಿ, ಅಂದರೆ ಜಮಖಾನ ಹಾಸಿ ಹತ್ತು ಹನ್ನೊಂದು ಹೆಂಗಸರು. ಬಟ್ಟೆ ಕತ್ತರಿಸುವ ಮೊದಲು ಕಾಗದದಲ್ಲಿ ಅಚ್ಚು ಕತ್ತರಿಸಬೇಕಲ್ಲ, ಅದಕ್ಕೆ ಕನ್ನಡ ಪೇಪರು. ಅಪ್ಪ ಅಂಚೆಯಲ್ಲಿ ತರಿಸುತ್ತಿದ್ದರು, ಬರುವಾಗ ಮೂರು ದಿನ ಹಳತಾಗಿರುತ್ತಿತ್ತು. ಮೂರು ದಿನ ಕಳೆದ ಸುದ್ದಿ ಓದುವುದೇ ಕ್ಷೇಮ, ಅಷ್ಟರಲ್ಲಿ ಅದರ ಬಿಸಿ ಆರಿರುತ್ತದೆ ಎನ್ನುತ್ತಿದ್ದರು ಅಪ್ಪ. ಅವರು ಓದಿ ಮಡಚಿಟ್ಟದ್ದು ಅಮ್ಮನ ಕತ್ತರಿಗೆ. ಅಚ್ಚು ಕತ್ತರಿಸಿದ ಮೇಲೆ ಅದರ ಒಂದು ಮಗ್ಗುಲಲ್ಲಿ ಮಾತ್ರ ಕೆಂಪು ಪೆನ್ಸಿಲಿನಲ್ಲಿ ಯಾರದ್ದು, ಯಾವ ಭಾಗ ಎಂದು ಬರೆಯುತ್ತಿದ್ದಳು. ‘ಸಂತೋಷ್, ಮುಂದೆ.’ ‘ಕಮಲೇಶ್, ತೋಳು.’ ಅಮ್ಮನಿಗೆ ಬರುತ್ತಿದ್ದದ್ದು ಕನ್ನಡ ಒಂದೇ. ಆ ಹೆಂಗಸರಿಗೆ ಕನ್ನಡದ ಒಂದಕ್ಷರವೂ ಬಾರದು. ಆದರೂ ತಿಂಗಳೊಳಗೆ ಎಲ್ಲರೂ ತಂತಮ್ಮ ಹೆಸರನ್ನು ಆಕಾರದಿಂದಲೇ ಗುರುತು ಹಿಡಿಯುತ್ತಿದ್ದರು. ಫರೀದಾಬಾದಿನ ಎಷ್ಟೋ ಟ್ರಂಕುಗಳಲ್ಲಿ ಸೀರೆಗಳ ಕೆಳಗೆ ಈಗಲೂ ನಮ್ಮ ವಿಧಾನಸಭೆಯ ಕಲಾಪದ ವರದಿ ರವಿಕೆಯ ಬೆನ್ನಿನ ಆಕಾರದಲ್ಲಿ ಮಲಗಿರಬಹುದು.

ಅಮ್ಮ ಪಾಠ ಮಾಡುತ್ತಿದ್ದ ರೀತಿ ಹೀಗೆ. ಕೂರುತ್ತಿದ್ದಳು, ‘ದೇಖೋ’ ಎನ್ನುತ್ತಿದ್ದಳು, ಕತ್ತರಿಸುತ್ತಿದ್ದಳು. ಕತ್ತರಿ ಎಲ್ಲಿ ನಿಧಾನವಾಗಬೇಕೋ ಅಲ್ಲಿ ತೋರುಬೆರಳನ್ನು ಗೆರೆಯ ಮೇಲಿಟ್ಟು ಒಂದು ಗಳಿಗೆ ಹಾಗೇ ಬಿಡುತ್ತಿದ್ದಳು. ಎಲ್ಲರೂ ಆ ಬೆರಳನ್ನೇ ನೋಡುತ್ತಿದ್ದರು. ಸೂಜಿ ಚುಚ್ಚಿ ಚುಚ್ಚಿ ಅದರ ತುದಿ ಜರಡಿಯಾಗಿತ್ತು. ಆಮೇಲೆ ಕತ್ತರಿಯನ್ನು ಅವರ ಕೈಗೆ ಕೊಟ್ಟು ಸುಮ್ಮನೆ ಕೂರುತ್ತಿದ್ದಳು. ಅವರು ತಪ್ಪು ಮಾಡಿದರೆ ‘ಐಸಾ ನಹೀಂ’, ಸರಿ ಮಾಡಿದರೆ ಏನೂ ಇಲ್ಲ. ಅವಳು ಏನೂ ಅನ್ನಲಿಲ್ಲ ಅಂದರೆ ಸರಿಯಾಗಿದೆ ಎಂದು ಆ ಹೆಂಗಸರು ಮುಖ ಅರಳಿಸುತ್ತಿದ್ದರು.

ನನಗೆ ಮಾತ್ರ ಸೂಜಿ ಕಂಡರೆ ಆಗುತ್ತಿರಲಿಲ್ಲ. ನಾನು ಓದುವ ಹುಡುಗಿ. ಹಿಂದಿಯಲ್ಲಿ ಕಲಿಸುವುದಕ್ಕೆ ಎರಡು ಮಾತಿವೆ. ಕೈಕೆಲಸ ಕಲಿಸಿದರೆ ‘ಸಿಖಾನಾ’, ಪುಸ್ತಕದ ಪಾಠ ಹೇಳಿದರೆ ‘ಪಢಾನಾ’. ಪಢಾನಾಕ್ಕೆ ಕುರ್ಚಿ, ಸಿಖಾನಾಕ್ಕೆ ದರಿ. ನಾನು ಬಿ.ಎಡ್.ಗೆ ಸೇರಿದ ಮೇಲಂತೂ ನೆರೆಯವರು ‘ಮಾಸ್ಟರ್ನೀ’ ಎಂದು ಕರೆಯಲು ಶುರುಮಾಡಿ ನನ್ನ ಕಾಲು ನೆಲಕ್ಕೆ ತಾಕದಂತೆ ಮಾಡಿಬಿಟ್ಟರು. ಕಾಲೇಜಿನಲ್ಲಿ ಪಾಠಯೋಜನೆ ಬರೆಯುವುದು ಹೇಳಿಕೊಟ್ಟಿದ್ದರು. ಮೊದಲು ಉದ್ದೇಶ, ಆಮೇಲೆ ಪೀಠಿಕೆ, ಆಮೇಲೆ ವಿವರಣೆ, ಪುನರಾವರ್ತನೆ, ಮೌಲ್ಯಮಾಪನ. ಅದನ್ನು ಕಲಿತ ಕಣ್ಣಿಗೆ ಅಮ್ಮನ ಕ್ಲಾಸು ಬರೀ ಅವ್ಯವಸ್ಥೆಯಾಗಿ ಕಾಣುತ್ತಿತ್ತು. ಉದ್ದೇಶವಿಲ್ಲ, ಪೀಠಿಕೆಯಿಲ್ಲ. ಇದ್ದದ್ದು ಕತ್ತರಿ.

ಆ ಚಳಿಗಾಲದಲ್ಲಿ ಅಮ್ಮನಿಗೆ ಜ್ವರ ಬಂತು. ಸಂತೋಷ್‌ಳ ತಮ್ಮನ ಮದುವೆ ಹತ್ತಿರ ಬಂದಿತ್ತು. ಅವಳ ಜರಿ ಬಟ್ಟೆಯ ಅಚ್ಚನ್ನು ಅಮ್ಮ ಹಿಂದಿನ ದಿನವೇ ಕತ್ತರಿಸಿ ಇಟ್ಟಿದ್ದಳು. “ಇವತ್ತು ಬೇಡ ಅಂತ ಹೇಳಿ ಕಳಿಸಿಬಿಡು ಸುಮಾ” ಎಂದಳು ಕಂಬಳಿಯೊಳಗಿನಿಂದ. ನಾನು ಕೇಳಲಿಲ್ಲ. “ನೀನು ಮಲ್ಕೋ, ನಾನು ನೋಡ್ಕೋತೀನಿ” ಎಂದೆ. ನನ್ನ ವಿದ್ಯೆಯನ್ನು ಪ್ರಯೋಗಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತದೆಯೇ?

ಗೋಡೆಗೆ ಚಾರ್ಟ್ ಅಂಟಿಸಿದೆ. ಮೂರು ಬಣ್ಣದಲ್ಲಿ ರವಿಕೆಯ ಚಿತ್ರ, ಭಾಗ ಭಾಗಕ್ಕೂ ಬಾಣದ ಗುರುತು, ಹಿಂದಿಯಲ್ಲಿ ಹೆಸರು. ಒಂದು ಗಂಟೆ ಮಾತಾಡಿದೆ. ರವಿಕೆಯ ಇತಿಹಾಸವನ್ನೂ ಬಿಡಲಿಲ್ಲ. ಆ ಹೆಂಗಸರು ಪಾಪ, ಭಜನೆಯಲ್ಲಿ ಕೂತಂತೆ ಕೂತು ಕೇಳಿದರು. ಕಮಲೇಶ್ ಎರಡು ಸಲ ತೂಕಡಿಸಿದಳು. ಕೊನೆಗೆ ಸಂತೋಷ್‌ಳ ಬಟ್ಟೆ ಕತ್ತರಿಸುವ ಹೊತ್ತು ಬಂತು. ಬಟ್ಟೆ ಕಡಿಮೆ ಇತ್ತು. ಮಡಿಸಿ ಕತ್ತರಿಸಿದರೆ ಎಡ ಬಲ ಎರಡೂ ಒಟ್ಟಿಗೇ ಬಂದುಬಿಡುತ್ತವೆ, ಇಲ್ಲಿ ಹಾಗಾಗುವಂತಿರಲಿಲ್ಲ. ಒಂದೊಂದೇ ಭಾಗವನ್ನು ಬಿಡಿಯಾಗಿ ಕತ್ತರಿಸಬೇಕಿತ್ತು. ‘ಸಂತೋಷ್, ಮುಂದೆ’ ಎಂದು ಬರೆದಿದ್ದ ಅಚ್ಚನ್ನು ನಾನೇ ಬಟ್ಟೆಯ ಮೇಲಿಟ್ಟೆ. ಅವಳು ಕತ್ತರಿಸಿದಳು. ಎರಡನೆಯ ಭಾಗಕ್ಕೂ ನಾನೇ ಇಟ್ಟೆ. ಅವಳು ಒಂದು ಗಳಿಗೆ ಅನುಮಾನಿಸಿ ನನ್ನ ಮುಖ ನೋಡಿದಳು. “ಕತ್ತರಿಸಿ ಭಾಭಿ” ಎಂದೆ. ಕತ್ತರಿಸಿದಳು.

ಎರಡೂ ಎಡಗಡೆಯವೇ ಆಗಿದ್ದವು.

ಜರಿ ಬಟ್ಟೆಗೆ ಒಂದೇ ಮುಖ, ಹಾಗಾಗಿ ಎರಡನೆಯ ಸಲ ಅಚ್ಚನ್ನು ಮಗುಚಿ ಹಾಕಬೇಕು. ಹಾಗೆ ಹಾಕಿದರೆ ಕೆಂಪು ಬರಹ ಅಡಿಗೆ ಹೋಗುತ್ತದೆ. ಕನ್ನಡ ಬಾರದ ಆ ಹೆಂಗಸರಿಗೆ ಅದು ಬರೀ ಒಂದು ಗುರುತು, ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಆ ಕೋಣೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ಬರೆದದ್ದು ಓದುವುದಕ್ಕೆ ಇರುವುದು, ಆದ್ದರಿಂದ ಬರಹ ಮೇಲಿರಬೇಕು ಎಂದು ನನ್ನ ಕೈ ತಾನೇ ತೀರ್ಮಾನಿಸಿಬಿಟ್ಟಿತ್ತು. ಅಕ್ಷರ ಕಲಿತವಳು ಮಾತ್ರ ಮಾಡಬಲ್ಲ ತಪ್ಪು ಅದು.

ಗದ್ದಲ ಕೇಳಿ ಅಮ್ಮ ಕಂಬಳಿ ಹೊದ್ದುಕೊಂಡೇ ಎದ್ದು ಬಂದಳು. ಬಟ್ಟೆ ನೋಡಿದಳು. ಯಾರನ್ನೂ ಬೈಯಲಿಲ್ಲ. ಬಗ್ಗಿ ಅಚ್ಚಿನ ಕಾಗದವನ್ನು ಎತ್ತಿ, ಮಗುಚಿ ಇಟ್ಟು, “ಐಸಾ” ಎಂದಳು. ಹನ್ನೊಂದು ಜನವೂ “ಹಾಂ…” ಎಂದು ತಲೆಯಾಡಿಸಿದರು. ನನ್ನ ಒಂದು ಗಂಟೆಯ ಭಾಷಣ, ಮೂರು ಬಣ್ಣದ ಚಾರ್ಟು, ಎಲ್ಲ ಆ ಒಂದು ಮಗುಚುವಿಕೆಯಲ್ಲಿ ಬಿದ್ದುಹೋದವು. ಅವಮಾನದಿಂದ ಮೈಯೆಲ್ಲ ಉರಿಯಿತು. ತಪ್ಪು ನನ್ನದು ಎಂದು ಒಪ್ಪಿಕೊಳ್ಳುವ ಬದಲು ಅಮ್ಮನ ಮೇಲೆ ತಿರುಗಿಬಿದ್ದೆ. ಅದೂ ಎಲ್ಲರಿಗೂ ತಿಳಿಯಲಿ ಎಂದು ಹಿಂದಿಯಲ್ಲಿ.

“ಇದನ್ನ ಮೊದಲೇ ಇವರಿಗೆ ಹೇಳಿಕೊಡಬಾರದಿತ್ತಾ? ಯೇ ಸಿಖಾನಾ ಥೋಡೀ ಹೈ, ಯೇ ತೋ ಸಿರ್ಫ್ ದಿಖಾನಾ ಹೈ!” ಇದು ಕಲಿಸೋದಲ್ಲ, ಬರೀ ತೋರಿಸೋದು.

ಅಮ್ಮನಿಗೆ ಹಿಂದಿ ಮಾತಾಡಲು ಬಾರದಿದ್ದರೂ ಅಷ್ಟು ಅರ್ಥವಾಗುತ್ತಿತ್ತು. ದರಿಯ ಮೇಲೆ ಕೂತಿದ್ದವರನ್ನೆಲ್ಲ ಒಂದು ಸಲ ನೋಡಿ ಒಳಗೆ ಹೋದಳು. ಜ್ವರ ಬಿಟ್ಟ ಮೇಲೆ ಸಂತೋಷ್‌ಳ ತೋಳಿಗಿದ್ದ ಬಟ್ಟೆಯಲ್ಲಿ ಬಲಭಾಗ ಕತ್ತರಿಸಿ, ತೋಳಿಗೆ ಹಸಿರು ಬಟ್ಟೆ ಹಾಕಿ ರವಿಕೆ ಮುಗಿಸಿಕೊಟ್ಟಳು. ಮದುವೆಯಲ್ಲಿ ಎಲ್ಲರೂ ಅದನ್ನು ಹೊಸ ಫ್ಯಾಶನ್ ಅಂದುಕೊಂಡರಂತೆ, ಆ ವರ್ಷ ನಮ್ಮ ಸೆಕ್ಟರಿನಲ್ಲಿ ಬೇರೆ ಬಣ್ಣದ ತೋಳು ತೊಟ್ಟವರೇ ಹೆಚ್ಚು. ಆದರೆ ಹೋಳಿ ಹಬ್ಬಕ್ಕೆ ರಜೆ ಕೊಟ್ಟ ಕ್ಲಾಸು ಮತ್ತೆ ಶುರುವಾಗಲಿಲ್ಲ. “ಕಣ್ಣು ನೋವು” ಎಂದಳು ಅಮ್ಮ. ನಾವು ನಂಬಿದೆವು. ಅಂದರೆ ಅಪ್ಪ ನಂಬಿದರು. ನಾನು ನಂಬಿದ ಹಾಗೆ ಮಾಡಿದೆ.

ಮೂವತ್ತು ವರ್ಷ ನಾನು ಆ ಮಾತನ್ನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ನನ್ನ ಮಾತಿನಿಂದಲೇ ಅವಳ ಕ್ಲಾಸು ನಿಂತಿತೇ? ಕೇಳಿದರೆ ಹೌದು ಅಂದುಬಿಟ್ಟಾಳು ಎಂಬ ಹೆದರಿಕೆ. ದಿನಕ್ಕೆ ಆರು ಪೀರಿಯಡ್ ಮಕ್ಕಳಿಗೆ ‘ಡೌಟ್ ಇದ್ದರೆ ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ’ ಎಂದು ಉಪದೇಶ ಮಾಡುವವಳ ಕಥೆ ಇದು.

ಶಿಕ್ಷಕರ ದಿನದ ಭಾಷಣ ಚೆನ್ನಾಗೇ ಆಯಿತು. ಟೋಕನ್ ಬಗ್ಗೆ ಹೇಳಿದೆ, ಮಕ್ಕಳು ನಕ್ಕರು. ತೋರುಬೆರಳಿನ ಬಗ್ಗೆ ಹೇಳಿದೆ, ಪ್ರಿನ್ಸಿಪಾಲರು ತಮ್ಮ ಬೆರಳನ್ನು ಒಮ್ಮೆ ನೋಡಿಕೊಂಡರು. ಕೊನೆಗೆ, ನಾಲ್ಕೇ ಮಾತಿನ ಹಿಂದಿಯಲ್ಲಿ ಬರೀ ತೋರಿಸಿ ತೋರಿಸಿಯೇ ಊರಿಗೆ ಹೊಲಿಗೆ ಕಲಿಸಿದ ನನ್ನ ತಾಯಿಯೇ ನಾನು ಕಂಡ ಮೊದಲ ಟೀಚರ್ ಎಂದೆ. ಭಾರೀ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಗಣಿತದ ಮೇಡಂ ಕಣ್ಣೊರೆಸಿಕೊಂಡರು. ಆ ಚಪ್ಪಾಳೆಯ ನಡುವೆ ನಿಂತು ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಅಮ್ಮನ ಕಥೆಯಲ್ಲಿ ನನ್ನ ಭಾಗವನ್ನು ಮಾತ್ರ ಕತ್ತರಿಸಿ ತೆಗೆದು, ಉಳಿದದ್ದನ್ನು ತೊಟ್ಟುಕೊಂಡು ಬಂದು ನಿಂತಿದ್ದೆ.

ಮನೆಗೆ ಬಂದಾಗ ಅಮ್ಮ ಊಟದ ಮೇಜಿನ ಹತ್ತಿರ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಬ್ಯಾಗು ಕೂಡ ಇಳಿಸದೆ ಎದುರು ಕೂತೆ.

“ಅಮ್ಮ, ಇವತ್ತು ಸ್ಟೇಜ್ ಮೇಲೆ ನಿನ್ನ ವಿಷಯ ಹೇಳಿದೆ.”

“ನನ್ನ ವಿಷಯಾನಾ? ಏನಂತ?”

“ನೀನು ತೋರಿಸಿ ಕಲಿಸ್ತಿದ್ದೆ ಅಂತ. ಇಂಗ್ಲಿಷ್‌ನಲ್ಲಿ ಟೀಚ್ ಅಂದ್ರೆ ಮೊದಲಿನ ಅರ್ಥಾನೇ ತೋರಿಸೋದಂತೆ.”

“ಅಷ್ಟು ತಿಳ್ಕೊಳ್ಳೋಕೆ ಅಷ್ಟು ದಪ್ಪ ಪುಸ್ತಕ ಬೇಕಾಯ್ತಾ?” ಎಂದಳು ಅಮ್ಮ. ಆಮೇಲೆ, “ಹಾಗಿದ್ರೆ ನಿಮ್ಮ ಬಿ.ಎಡ್.ನಲ್ಲಿ ಯಾಕೆ ಹೇಳ್ಲಿಲ್ಲ ಅದನ್ನ?” ಎಂದೂ ಕೇಳಿದಳು.

ನಾನು ಕೇಳಿಯೇಬಿಟ್ಟೆ. “ಅಮ್ಮ, ಅವತ್ತು ಸಂತೋಷ್ ಭಾಭಿ ಬಟ್ಟೆ ಹಾಳಾದಾಗ ನಾನು ನಿನಗೆ ಅಂದೆನಲ್ಲ. ಕ್ಲಾಸ್ ನಿಲ್ಲಿಸಿದ್ದು ಅದಕ್ಕೇನಾ?”

ಇಲ್ಲ ಕಣೇ, ನಿಜವಾಗಲೂ ಕಣ್ಣು ನೋವಿತ್ತು ಎನ್ನಲಿ ಎಂದು ನಾನು ಎಷ್ಟು ಆಸೆಪಟ್ಟೆನೋ ದೇವರಿಗೇ ಗೊತ್ತು. ಅಮ್ಮ ಒಂದು ಹುರುಳಿಕಾಯಿ ಪೂರ್ತಿ ಮುಗಿಸಿದಳು.

“ಹೂಂ, ಅದಕ್ಕೇ” ಎಂದಳು. “ಆದ್ರೆ ನೀನು ಅಂದಿದ್ದಕ್ಕಲ್ಲ. ನೀನು ಮಗಳು, ಸಿಟ್ಟಲ್ಲಿ ಏನೋ ಅಂತೀಯ. ಅಷ್ಟು ಜನ ಕೂತಿದ್ರಲ್ಲ, ಅವರಲ್ಲಿ ಒಬ್ಬಳಾದ್ರೂ ‘ಇಲ್ಲ, ಇವರು ಕಲಿಸಿದ್ದಾರೆ, ನಮಗೆ ಬಂದಿದೆ’ ಅಂತಾಳೇನೋ ಅಂತ ನೋಡಿದೆ. ಯಾರೂ ಅನ್ನಲಿಲ್ಲ. ಹಾಗಾದ್ರೆ ಓದಿರೋಳು ಹೇಳಿದ್ದೇ ಸರಿ ಇರಬೇಕು, ನಂಗೆ ಕಲಿಸೋಕೆ ಬರಲ್ಲ ಅನ್ಕೊಂಡೆ. ಬರದೇ ಇರೋ ಕೆಲಸ ಯಾಕೆ ಮಾಡ್ಬೇಕು? ಬಿಟ್ಟೆ.”

ಅದರಲ್ಲಿ ದೂರೂ ಇರಲಿಲ್ಲ, ಅಳುವೂ ಇರಲಿಲ್ಲ. ಹಾಲು ಕೆಟ್ಟಿತು, ಚೆಲ್ಲಿದೆ ಎನ್ನುವ ಧಾಟಿ. ನಾನು ತಪ್ಪಾಯಿತಮ್ಮ ಎಂದೆ. “ಕೈಕಾಲು ತೊಳ್ಕೊಂಡು ಬಾ, ಕಾಫಿ ಆರತ್ತೆ” ಎಂದು ಅವಳು ಎದ್ದು ಒಳಗೆ ಹೋದಳು. ನಾನು ಕ್ಷಮೆ ಕೇಳಿದ್ದರಿಂದ ಅವಳಿಗೆ ಏನೂ ಆಗಿರಲಿಲ್ಲ. ಅವಳು ಕಾದದ್ದು ನನ್ನ ಮಾತಿಗಲ್ಲ, ಬೇರೆ ಯಾರದೋ ಮಾತಿಗೆ. ಅದು ಈಗ ನನಗೆ ಅರ್ಥವಾಗಿತ್ತು.

ಮರುದಿನ ಶಾಲೆ ಮುಗಿಸಿ ಬಂದವಳೇ ಸಂತೋಷ್ ಭಾಭಿಗೆ ಫೋನ್ ಮಾಡಿದೆ. ಅವಳಿನ್ನೂ ಫರೀದಾಬಾದಿನ ಅದೇ ಮನೆಯಲ್ಲಿದ್ದಾಳೆ. ದೀಪಾವಳಿಗೊಮ್ಮೆ ಅವಳು ಫೋನ್ ಮಾಡುವುದು, ಅಮ್ಮ ‘ಖುಷ್ ರಹೋ’, ಚೆನ್ನಾಗಿರು ಎನ್ನುವುದು, ಇಷ್ಟು ನಡೆದುಕೊಂಡು ಬಂದಿತ್ತು. ಅಮ್ಮ ಪಕ್ಕದಲ್ಲೇ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದಳು. ನಾನು ಫೋನನ್ನು ಸ್ಪೀಕರಿಗೆ ಹಾಕಿ, ಸುತ್ತು ಬಳಸದೆ ಕೇಳಿದೆ. ಅವತ್ತು ನಾನು ಅಮ್ಮನಿಗೆ ಕಲಿಸೋಕೆ ಬರಲ್ಲ ಅಂದಾಗ ನೀವೆಲ್ಲ ಯಾಕೆ ಸುಮ್ಮನಿದ್ದಿರಿ?

ಆ ಕಡೆಯಿಂದ ಹೊಲಿಗೆ ಮಷೀನಿನ ಸದ್ದು ಕೇಳುತ್ತಿತ್ತು. ಅದು ನಿಂತಿತು.

“ಹಮ್ ಕ್ಯಾ ಬೋಲತೇ? ಬಿ.ಎಡ್. ವಾಲೀ ತೋ ತೂ ಥೀ” ಎಂದಳು ಸಂತೋಷ್. ನಾವೇನು ಹೇಳೋದು, ಬಿ.ಎಡ್. ಓದಿದವಳು ನೀನು. ಓದಿದವಳು ಏನೋ ಹೇಳುತ್ತಿದ್ದಾಳೆ, ತಾಯಿ ಮಗಳ ನಡುವೆ ನಾವು ಬಾಯಿ ಹಾಕಬಾರದು ಎಂದು ಎಲ್ಲರೂ ನೆಲ ನೋಡುತ್ತ ಕೂತರಂತೆ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನನ್ನನ್ನು ಬೈದುಕೊಂಡೇ ಹೋದರಂತೆ. ಕಮಲೇಶ್ ಅಂತೂ ನನಗೆ ಇನ್ನೂ ಬೈಯುತ್ತಾಳಂತೆ.

“ಆಂಟೀಜೀ ಸುನ್ ರಹೀ ಹೈಂ?” ಎಂದು ಕೇಳಿದಳು. ಕೇಳಿಸಿಕೊಳ್ಳುತ್ತಿದ್ದಾರೆ ಎಂದೆ. ಅವಳ ದನಿ ಏರಿತು. “ಆಂಟೀಜೀ, ಆಪ್ ಕಾ ಸಿಖಾಯಾ ಹುವಾ ಹೀ ಖಾ ರಹೀ ಹೂಂ!” ನೀವು ಕಲಿಸಿದ್ದರಿಂದಲೇ ಅನ್ನ ತಿನ್ನುತ್ತಿದ್ದೇನೆ. ಗಂಡನ ಕೆಲಸ ಹೋದ ವರ್ಷದಿಂದ ಅವಳು ಹೊಲಿಯುತ್ತಿದ್ದಾಳೆ. ಮಧ್ಯಾಹ್ನ ಅವಳ ಹತ್ತಿರ ಹೆಂಗಸರು ಕಲಿಯಲು ಬರುತ್ತಾರೆ. ನೀವು ಹೇಗೆ ಕಲಿಸಿದಿರೋ ಹಾಗೇ ಕಲಿಸುತ್ತೇನೆ ಎಂದಳು. ಜಾಸ್ತಿ ಮಾತಾಡುವುದಿಲ್ಲ, ಕತ್ತರಿಸಿ ತೋರಿಸುತ್ತೇನೆ, ಅಷ್ಟೇ.

ಇದು ನಮಗೆ ಗೊತ್ತೇ ಇರಲಿಲ್ಲ. ವರ್ಷಕ್ಕೊಂದು ದೀಪಾವಳಿ ಫೋನಿನಲ್ಲಿ ಎಷ್ಟು ತಾನೇ ಗೊತ್ತಾಗುತ್ತದೆ? ನಾನು ಅಮ್ಮನ ಕಡೆ ನೋಡಿದೆ. ಮಡಿಸಿದ ಟವೆಲನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಬಿಚ್ಚಿದಳು, ಮತ್ತೆ ಮಡಿಸಿದಳು. ಅವಳ ಕಣ್ಣು ತುಂಬಿತ್ತು. ನಾನು ಮಾತಾಡಲು ಬಾಯಿ ತೆರೆದೆ. ಅವಳು ಕೈಯಿಂದಲೇ ಸುಮ್ಮನಿರು ಎಂದು ಹೇಳಿ, ಫೋನಿನ ಹತ್ತಿರ ಬಗ್ಗಿದಳು. ತರಕಾರಿ ಭಯ್ಯಾಗಳ ಕೃಪೆಯಿಂದ ಈಗ ಅವಳ ಹಿಂದಿ ನಾಲ್ಕು ಮಾತು ದಾಟಿ ಬಹಳ ಮುಂದೆ ಬಂದಿದೆ.

“ಸಂತೋಷ್, ಕಾಲರ್ ಲಗಾನಾ ಆತಾ ಹೈ?” ಕಾಲರ್ ಹಾಕುವುದು ಬರುತ್ತಾ?

“ಕಹಾಂ, ಆಂಟೀಜೀ!” ಎಂದಳು ಅವಳು. ಎಲ್ಲಿ ಬರುತ್ತೆ, ಹೋಳಿ ಕಳೆದ ಮೇಲೆ ಕಾಲರ್ ತೋರಿಸುತ್ತೇನೆ ಅಂದಿದ್ದಿರಿ, ಆಮೇಲೆ ಕ್ಲಾಸೇ ನಿಂತಿತಲ್ಲ. ಕಾಲರಿನ ಬಟ್ಟೆ ಬಂದರೆ ಇವತ್ತಿಗೂ ಮಾರ್ಕೆಟ್ಟಿನ ದರ್ಜಿಗೇ ಕಳಿಸುತ್ತೇನೆ.

ಅಮ್ಮ ‘ತ್ಚು’ ಎಂದು ನಾಲಿಗೆ ಲೊಚಗುಟ್ಟಿದಳು. ಇಷ್ಟು ವರ್ಷ ಕಾಲರ್ ಬಾರದೆ ಹೊಲಿಯುತ್ತಿದ್ದಾಳಲ್ಲ ಎಂಬ ಸಂಕಟ ಅದು. “ಇತ್‌ವಾರ್ ಕೋ ಆ ಜಾ. ಕಪಡಾ ಲೇಕರ್ ಆನಾ” ಎಂದಳು. ಭಾನುವಾರ ಬಾ, ಬಟ್ಟೆ ತಗೊಂಡು ಬಾ. ಕಮಲೇಶ್‌ಳನ್ನೂ ಕರೆದುಕೊಂಡು ಬರಲೇ ಎಂದು ಕೇಳಿದಳು ಸಂತೋಷ್. ಕರ್ಕೊಂಡು ಬಾ ಎಂದಳು ಅಮ್ಮ.

ಫೋನ್ ಇಟ್ಟಾಯಿತು. ಅಮ್ಮ ಮೂಗು ಒರೆಸಿಕೊಂಡು, ಒಳ್ಳೆ ಕತ್ತರಿ ಎಲ್ಲಿಟ್ಟಿದ್ದೀಯೆ ಎಂದು ಕೇಳಿದಳು. ಹುಡುಕಿಕೊಡುತ್ತೇನೆ ಎಂದೆ. ಆಮೇಲೆ ಪರೀಕ್ಷೆಗೆ ಹೋಗುವ ಹುಡುಗಿಯಂತೆ ಅಳುಕುತ್ತ ಕೇಳಿದೆ.

“ಅಮ್ಮ, ಭಾನುವಾರ ನಾನೂ ಕೂತ್ಕೊಳ್ಳಲಾ?”

ಅಮ್ಮ ನನ್ನನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿದಳು.

“ಕೂತ್ಕೋ. ಬಾಯಿ ಮುಚ್ಕೊಂಡು ಕೂತ್ಕೋ.”